ಈರುಳ್ಳಿ ಒಂದೇ ಸಮ ಹೆಚ್ಚೋದು ಹೇಗೆ? ನನ್ನದು ಪ್ರತಿ ಸಲ ಚೆಲ್ಲಾಪಿಲ್ಲಿ

ಹೊಸಬಾಣಲೆ

ಎಲ್ಲರಿಗೂ ನಮಸ್ಕಾರ. ಕೇಳೋಕೆ ಸ್ವಲ್ಪ ನಾಚಿಕೆ, ಆದರೂ ಕೇಳುತ್ತಿದ್ದೇನೆ. ಒಬ್ಬನೇ ಅಡುಗೆ ಮಾಡಿಕೊಳ್ಳಲು ಶುರು ಮಾಡಿ ಎಂಟು ತಿಂಗಳಾಯಿತು. ಬೇರೆಲ್ಲ ತಕ್ಕಮಟ್ಟಿಗೆ ಕೈಗೆ ಬಂತು. ಈರುಳ್ಳಿ ಹೆಚ್ಚೋದು ಮಾತ್ರ ಇವತ್ತಿಗೂ ಬಂದಿಲ್ಲ.

ನಾನು ಮಾಡೋದು ಹೀಗೆ. ಮೇಲೆ ಕೆಳಗೆ ಎರಡೂ ಕಡೆ ಕತ್ತರಿಸಿ ಬಿಸಾಡುತ್ತೇನೆ. ಸಿಪ್ಪೆ ಸುಲಿದು ಎರಡು ಹೋಳು ಮಾಡುತ್ತೇನೆ. ಉದ್ದಕ್ಕೆ ಸೀಳುತ್ತೇನೆ. ಅಲ್ಲಿವರೆಗೆ ಸರಿ. ಅಡ್ಡಕ್ಕೆ ಹೆಚ್ಚೋಕೆ ತಿರುಗಿಸಿದ ತಕ್ಷಣ ಪದರಗಳೆಲ್ಲ ಬಿಚ್ಚಿಕೊಂಡು ಒಂದೊಂದು ಒಂದೊಂದು ದಿಕ್ಕಿಗೆ ಜಾರುತ್ತವೆ. ಆಮೇಲೆ ಸಿಟ್ಟು ಬಂದು, ಎಲ್ಲಾ ಗುಡ್ಡೆ ಹಾಕಿ ಕೊಚ್ಚುತ್ತೇನೆ. ಕೊನೆಗೆ ಅರ್ಧ ನುಣ್ಣಗಾಗಿ ನೀರು ಬಿಟ್ಟಿರುತ್ತೆ, ಇನ್ನರ್ಧ ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಬಾಣಲೆಗೆ ಹಾಕಿದರೆ ಸಣ್ಣದು ಸೀದು ಕಪ್ಪಾಗುತ್ತೆ, ದೊಡ್ಡದು ಹಸಿಹಸಿ ಉಳಿಯುತ್ತೆ.

ಒಂದು ಈರುಳ್ಳಿಗೆ ಏಳು ನಿಮಿಷ. ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದ್ದೇನೆ, ನಗಬೇಡಿ. ಕಣ್ಣೀರು ಬೇರೆ. ಚಾಕು ಬದಲಿಸಬೇಕಾ, ಕೈ ಬದಲಿಸಬೇಕಾ?

ಸುಮ್ನೆ_ಓದುಗ

ಏಳೇ ನಿಮಿಷಾನಾ? ನನಗೆ ಒಂಬತ್ತು. ಕುರ್ಚಿ ಎಳೆದುಕೊಂಡು ಕೂತಿದ್ದೇನೆ, ಗೊತ್ತಿರೋರು ಹೇಳಲಿ.

ಅಡುಗೆಕೈ

ಕೈ ಸರಿಯಾಗೇ ಇದೆ. ಚಾಕುವಿನ ಮಾತು ಆಮೇಲೆ. ಬುಡ ಕತ್ತರಿಸಿ ಬಿಸಾಡುತ್ತೀರಲ್ಲ, ಕೆಲಸ ಕೆಟ್ಟಿದ್ದೇ ಅಲ್ಲಿ.

ದೊಡ್ಡ ಅಡುಗೆಮನೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದವನು ನಾನು. ಮೊದಲ ಮೂರು ತಿಂಗಳು ಈರುಳ್ಳಿ ಬಿಟ್ಟು ಬೇರೇನೂ ಮುಟ್ಟೋಕೆ ಬಿಡಲಿಲ್ಲ. ಹೊಸಬರು ಬಂದರೆ ಅವರ ಕೈ ನೋಡೋದಿಲ್ಲ, ಕಸದ ಬುಟ್ಟಿ ನೋಡುತ್ತೇನೆ. ಅದರಲ್ಲಿ ದುಂಡನೆಯ ಬೇರಿನ ಬಿಲ್ಲೆಗಳು ಬಿದ್ದಿದ್ದರೆ, ಪಾಪ, ಮಣೆಯ ಮೇಲೆ ಒದ್ದಾಡುತ್ತಿದ್ದಾರೆ ಅಂತಲೇ ಅರ್ಥ.

ಬೇರಿನ ಕಡೆ ಗಟ್ಟಿಯಾದ ಒಂದು ಬಿಲ್ಲೆ ಇರುತ್ತೆ ನೋಡಿ. ಈರುಳ್ಳಿಯ ನಿಜವಾದ ಕಾಂಡ ಅದು. ನಾವು ಪದರ ಅನ್ನೋದೆಲ್ಲ ಎಲೆಗಳ ಬುಡ, ಗಿಡದ ಆಹಾರ ತುಂಬಿಕೊಂಡು ದಪ್ಪಗಾದವು. ಅಷ್ಟೂ ಪದರ ಕಚ್ಚಿಕೊಂಡಿರೋದು ಆ ಬಿಲ್ಲೆಗೇ. ಅದನ್ನು ತೆಗೆದುಹಾಕೋದು ಅಂದರೆ ಪುಸ್ತಕದ ಹೊಲಿಗೆ ಬಿಚ್ಚಿದ ಹಾಗೆ. ಹಾಳೆ ಹಾರದೆ ಇನ್ನೇನಾಗುತ್ತೆ?

ಹೀಗೆ ಮಾಡಿ ನೋಡಿ. ಬುಡದಲ್ಲಿ ಒಣಗಿದ ಬೇರಿನ ಗಡ್ಡ ಇರುತ್ತಲ್ಲ, ಅದನ್ನಷ್ಟೇ ಸವರಿ. ಬಿಲ್ಲೆ ಹಾಗೇ ಇರಲಿ. ಜುಟ್ಟಿನ ಕಡೆ ಮಾತ್ರ ಸುಮಾರು 1 ಸೆಂ.ಮೀ. ಕತ್ತರಿಸಿ ತೆಗೆಯಿರಿ. ಆ ಚಪ್ಪಟೆ ಕಡೆ ಕೆಳಗೆ ಮಾಡಿ ಮಣೆಯ ಮೇಲೆ ನಿಲ್ಲಿಸಿ. ಈಗ ಉರುಳೋದಿಲ್ಲ. ಬುಡದ ನಟ್ಟನಡುವೆ ಚಾಕು ಇಟ್ಟು ಎರಡು ಹೋಳು ಮಾಡಿ. ಎರಡಕ್ಕೂ ಅರ್ಧರ್ಧ ಬುಡ ಸಿಗಬೇಕು, ಅದು ಮುಖ್ಯ.

ಸಿಪ್ಪೆ ಸುಲಿಯೋದು ಈಗ. ಇಡೀ ಈರುಳ್ಳಿಯನ್ನು ಉಗುರಿನಿಂದ ಕೆರೆಯುತ್ತಾ ಕೂರೋದಕ್ಕಿಂತ ಹೋಳಾದ ಮೇಲೆ ಸುಲಿಯೋದು ಎಷ್ಟೋ ಸುಲಭ. ಒಳಗಿನ ಮೊದಲ ಪದರ ತೊಗಲಿನ ಹಾಗಿದ್ದರೆ ಅದನ್ನೂ ಎಳೆದುಹಾಕಿ. ಜಿಪುಣತನ ಬೇಡ. ಚಾಕು ಜಾರೋದು ಅದರ ಮೇಲೇ.

ಹೋಳನ್ನು ಬೋರಲು ಹಾಕಿ, ಬುಡ ನಿಮ್ಮಿಂದ ಆಚೆ ಇರಲಿ. ಚಾಕುವಿನ ಮೊನೆಯನ್ನು ಬುಡದ ಕಡೆಗೆ ಇಟ್ಟುಕೊಂಡು ಉದ್ದಕ್ಕೆ ಸೀಳುತ್ತಾ ಬನ್ನಿ. ಬುಡದಿಂದ 1 ಸೆಂ.ಮೀ. ಈಚೆಗೇ ನಿಲ್ಲಿಸಬೇಕು. ಪೂರ್ತಿ ಸೀಳಿದಿರೋ, ಮತ್ತೆ ಹಳೇ ಕಥೆ. ಈಗ ಹೋಳನ್ನು ತಿರುಗಿಸಿ, ಬಲಗೈಯವರಾದರೆ ಬುಡ ಎಡಕ್ಕೆ ಬರಲಿ. ಜುಟ್ಟಿನ ಕಡೆಯಿಂದ ಅಡ್ಡಕ್ಕೆ ಹೆಚ್ಚುತ್ತಾ ಹೋಗಿ. ಚೂರುಗಳು ತಾವಾಗಿಯೇ ಉದುರುತ್ತವೆ. ಗುಡ್ಡೆ ಹಾಕಿ ಕೊಚ್ಚೋ ಕೆಲಸವೇ ಇಲ್ಲ.

ಯಾಕೆ ಉದುರುತ್ತವೆ ಗೊತ್ತಾ? ಈರುಳ್ಳಿ ಒಂದು ಕಡೆಗೆ ಹುಟ್ಟುತ್ತಲೇ ಹೆಚ್ಚಿಟ್ಟ ಹಾಗೆ ಇರುತ್ತೆ. ಪದರ ಅಂದರೆ ಅದೇ ತಾನೆ? ಆಲೂಗಡ್ಡೆಗಾದರೆ ಮೂರು ದಿಕ್ಕಿಗೂ ನಾವೇ ಕತ್ತರಿಸಬೇಕು. ಈರುಳ್ಳಿಗೆ ಎರಡು ದಿಕ್ಕು ಸಾಕು. ಮೂರನೆಯದನ್ನು ಅದೇ ಮಾಡಿಟ್ಟಿರುತ್ತೆ. ಅದು ಮಾಡಿಟ್ಟಿದ್ದನ್ನು ಕೊನೇವರೆಗೆ ಕೆಡಿಸದೆ ಹಿಡಿದುಕೊಳ್ಳೋದಷ್ಟೇ ನಮ್ಮ ಕೆಲಸ.

ಹೊಸಬಾಣಲೆ

ಅಯ್ಯೋ, ಬುಡ ಅಂದರೆ ಕಸ ಅಂದುಕೊಂಡಿದ್ದೆ! ಮೊದಲು ಕತ್ತರಿಸುತ್ತಿದ್ದದ್ದೇ ಅದನ್ನು. ಇವತ್ತು ರಾತ್ರಿಯೇ ನೋಡುತ್ತೇನೆ. ಒಂದು ಅನುಮಾನ ಅಣ್ಣಾ: ವಿಡಿಯೋಗಳಲ್ಲಿ ಚಾಕುವನ್ನು ಮಲಗಿಸಿ, ಮಣೆಗೆ ಸಮಾನಾಂತರವಾಗಿ ಎರಡು ಮೂರು ಸಲ ಒಳಗೆ ತಳ್ಳುತ್ತಾರಲ್ಲ, ಅದು ಬೇಡವಾ?

ಕಟಕಟ

ಬೇಕು. ಅದಿಲ್ಲದೆ ಹೆಚ್ಚಿದರೆ ಎರಡೂ ಅಂಚಿನಲ್ಲಿ ಉದ್ದುದ್ದ ತುಂಡು ಬರುತ್ತೆ. ಅಡುಗೆಕೈ ಅವರು ಅದನ್ನು ಬಿಟ್ಟಿದ್ದು ನೋಡಿ ಆಶ್ಚರ್ಯ ಆಯಿತು. ಅಡುಗೆ ಕೋರ್ಸಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು.

ಅಡುಗೆಕೈ

ಮರೆತು ಬಿಟ್ಟಿದ್ದಲ್ಲ ಮೇಡಂ, ಬೇಕಂತಲೇ ಬಿಟ್ಟೆ. ಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಕೈಗೆ ಏಟಾಗೋದು ಜಾಸ್ತಿ ಆ ಒಂದು ಕೊಯ್ತದಲ್ಲೇ ಅನ್ನೋದು ನನ್ನ ಅನುಭವ. ಮೇಲೆ ಅಂಗೈ ಒತ್ತಿಕೊಂಡು, ಅದರ ಕೆಳಗೆ ಚಾಕು ತಳ್ಳೋದು. ಚಾಕು ಮೊಂಡಾಗಿದ್ದರೆ ಬಲ ಹಾಕುತ್ತೀರಿ, ಬಲ ಹಾಕಿದರೆ ಅದು ಒಮ್ಮೆಲೇ ಆಚೆ ಕಡೆ ಹೊರಬರುತ್ತೆ. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಮೂರು ಹೊಲಿಗೆಯ ಗುರುತು ಇವತ್ತಿಗೂ ಇದೆ. ಆ ದಿನ ಅವಸರದಲ್ಲಿದ್ದೆ, ಪಕ್ಕದವನ ಜೊತೆ ಮಾತಾಡುತ್ತಿದ್ದೆ, ಚಾಕು ಸಾಣೆ ಕಂಡು ವಾರವಾಗಿತ್ತು. ಮೂರೂ ನನ್ನ ತಪ್ಪೇ.

ಅಂಚಿನ ಉದ್ದ ತುಂಡಿಗೆ ಬೇರೆ ದಾರಿ ಇದೆ. ಉದ್ದಕ್ಕೆ ಸೀಳುವಾಗ ನಡುವೆ ಚಾಕು ನೆಟ್ಟಗೆ ಇರಲಿ. ಅಂಚಿಗೆ ಬಂದ ಹಾಗೆ ಸ್ವಲ್ಪ ಸ್ವಲ್ಪ ಒಳಕ್ಕೆ ವಾಲಿಸಿ. ಅಷ್ಟೇ.

ಕಟಕಟ

ವಾಲಿಸೋದು ಒಪ್ಪಿದೆ. ಆದರೆ ತೀರಾ ಸಣ್ಣ ಚೂರು ಬೇಕಾದಾಗ ಒಂದು ಸಲವಾದರೂ ಮಲಗಿಸಿ ಕೊಯ್ಯಲೇಬೇಕು ಅನ್ನೋದು ನನ್ನ ವಾದ. ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ ಒಂದೇ ಒಂದು. ಅದನ್ನು ಉದ್ದಕ್ಕೆ ಸೀಳೋ ಮೊದಲೇ ಮಾಡಿ, ಆಗ ಹೋಳು ಗಟ್ಟಿಯಾಗಿರುತ್ತೆ. ಅಂಗೈಯಿಂದ ಮೆತ್ತಗೆ ಒತ್ತಿ, ಬೆರಳೆಲ್ಲ ಮೇಲಕ್ಕೆ ಎತ್ತಿರಬೇಕು. ಹೋಳನ್ನು ಮಣೆಯ ಅಂಚಿಗೆ ತಂದುಕೊಂಡರೆ ಚಾಕುವಿನ ಹಿಡಿ ಮಣೆಗೆ ತಗುಲೋದಿಲ್ಲ. ಹೊಸಬರು ಮಾಡಬಾರದು ಅನ್ನೋದಕ್ಕೆ ನನ್ನ ತಕರಾರಿಲ್ಲ.

ಲೆಕ್ಕದ_ಮೇಷ್ಟ್ರು

ನನಗೆ ಅಡುಗೆ ಅಷ್ಟಕ್ಕಷ್ಟೆ. ಆದರೆ ಈ ವಾಲಿಸೋ ವಿಷಯದಲ್ಲಿ ಸುಮ್ಮನಿರೋಕಾಗಲ್ಲ. ಇದರ ಲೆಕ್ಕವನ್ನು ನಿಜವಾಗಿಯೂ ಮಾಡಿದ್ದಾರೆ!

ಅರ್ಧ ಈರುಳ್ಳಿಯನ್ನು ಬುಡದ ಕಡೆಯಿಂದ ನೋಡಿ. ಅರ್ಧವೃತ್ತ, ಒಳಗೆ ಕಮಾನಿನ ಮೇಲೆ ಕಮಾನು. ಎಲ್ಲಾ ಕೊಯ್ತವನ್ನೂ ನೆಟ್ಟಗೆ ಹಾಕಿದರೆ ನಡುವಿನ ಚೂರು ಚೆನ್ನಾಗಿರುತ್ತೆ, ಅಂಚಿನದು ಓರೆಯಾಗಿ ಉದ್ದ ಆಗುತ್ತೆ. ಅದು ತಪ್ಪಲಿ ಅಂತ ಎಲ್ಲಾ ಕೊಯ್ತವನ್ನೂ ವೃತ್ತದ ಕೇಂದ್ರಕ್ಕೆ ಗುರಿ ಇಟ್ಟರೆ ಹೊರಗಿನ ಚೂರು ದಪ್ಪ, ಒಳಗಿನದು ಸೂಜಿಯಂತೆ. ಹಾಗಾದರೆ ಗುರಿ ಎಲ್ಲಿಡಬೇಕು? ಕೇಂದ್ರಕ್ಕಿಂತ ಕೆಳಗೆ, ಅಂದರೆ ಮಣೆಯ ಒಳಗೆ ಎಲ್ಲೋ ಒಂದು ಬಿಂದು ಇದೆ ಅಂದುಕೊಂಡು ಅದಕ್ಕೆ.

ಎಷ್ಟು ಕೆಳಗೆ? ತ್ರಿಜ್ಯದ ಸುಮಾರು 60 ಶೇಕಡಾ ಅಂತ ಅಮೆರಿಕದ ಅಡುಗೆ ಬರಹಗಾರ ಕೆಂಜಿ ಲೋಪೆಜ್-ಆಲ್ಟ್ ಹೇಳಿದ್ದರು. ಡೈಲನ್ ಪೋಲ್ಸನ್ ಅನ್ನೋ ಗಣಿತದ ಪ್ರಾಧ್ಯಾಪಕರು 2021ರಲ್ಲಿ ಕೂತು ಲೆಕ್ಕ ಹಾಕಿ 55.73 ಶೇಕಡಾ ಅಂತ ತೋರಿಸಿದರು. ಪದರಗಳು ಎಣಿಸಲಾರದಷ್ಟಿವೆ, ಒಂದೊಂದೂ ತೀರಾ ತೆಳು ಅಂದುಕೊಂಡು ಮಾಡಿದ ಲೆಕ್ಕ ಅದು. ನಿಮ್ಮ ಈರುಳ್ಳಿ 8 ಸೆಂ.ಮೀ. ಅಗಲ ಇದ್ದರೆ ತ್ರಿಜ್ಯ 4. ಅಲ್ಲಿಗೆ ಮಣೆಯ ಮೇಲ್ಮೈಯಿಂದ 2.2 ಸೆಂ.ಮೀ. ಕೆಳಗೆ ಗುರಿ ಇಡಿ.

ನಾನು ಸ್ಕೇಲು, ಪೆನ್ಸಿಲು ಹಿಡಿದು ಅಡುಗೆಮನೆಗೆ ಹೋದವನು. ಮನೆಯಾಕೆ ಅಷ್ಟರಲ್ಲಿ ನಾಲ್ಕು ಈರುಳ್ಳಿ ಹೆಚ್ಚಿ ಮುಗಿಸಿದ್ದಳು.

ಅಡುಗೆಕೈ

ಹಹ್ಹಾ ಮೇಷ್ಟ್ರೇ, ನಾನು "ಸ್ವಲ್ಪ ವಾಲಿಸಿ" ಅಂದಿದ್ದಕ್ಕೆ ಲೆಕ್ಕದ ಬೆಂಬಲ ಕೊಟ್ಟಿರಿ. ಬಿಂದುವನ್ನು ಹುಡುಕಬೇಡಿ. ಮಣೆಗಿಂತ ಎರಡು ಬೆರಳು ಕೆಳಗೆ ಅಂದುಕೊಂಡರೆ ಸಾಕು.

ಸಾಣೆಕಲ್ಲು

ಎಲ್ಲರೂ ಕೊಯ್ತದ ಬಗ್ಗೆ ಹೇಳಿದಿರಿ, ಚಾಕು ಹರಿತ ಇದೆಯಾ ಅಂತ ಯಾರೂ ಕೇಳಲಿಲ್ಲ. ಹೊಸಬಾಣಲೆಯವರೇ, ಒಂದು ಪರೀಕ್ಷೆ ಮಾಡಿ. ಹೊರಸಿಪ್ಪೆ ತೆಗೆದ ಹೋಳಿನ ನುಣುಪು ಬೆನ್ನಿನ ಮೇಲೆ ಚಾಕು ಇಡಿ. ಒತ್ತಬೇಡಿ, ಚಾಕುವಿನ ಭಾರವಷ್ಟೇ ಇರಲಿ. ಮೆಲ್ಲಗೆ ನಿಮ್ಮ ಕಡೆ ಎಳೆಯಿರಿ. ಕಚ್ಚಿಕೊಂಡು ಒಳಗಿಳಿದರೆ ಸರಿ. ಮೇಲೇ ಜಾರಿ ಹೋದರೆ ಅದು ಚಾಕು ಅಲ್ಲ, ಸ್ಕೇಲು. (ಮೇಷ್ಟ್ರು ಕ್ಷಮಿಸಬೇಕು.)

ಸದ್ದಿನಲ್ಲೂ ಗೊತ್ತಾಗುತ್ತೆ. ಹರಿತ ಚಾಕು ಇಳಿಯುವಾಗ "ಸರ್" ಅನ್ನುತ್ತೆ. ಮೊಂಡು ಚಾಕು ಒಂದೊಂದು ಪದರಕ್ಕೂ "ಕರಕ್, ಕರಕ್" ಅಂತ ಮುರಿಯುತ್ತಾ ಹೋಗುತ್ತೆ. ಆ ಸದ್ದು ಕೇಳಿದರೆ ನೀವು ಹೆಚ್ಚುತ್ತಿಲ್ಲ, ಜಜ್ಜುತ್ತಿದ್ದೀರಿ. ಮಣೆಯ ಮೇಲೆ ನೀರು ನಿಲ್ಲೋದೂ ಅದಕ್ಕೇ.

1000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲು ಎಷ್ಟು ನಯ ಅನ್ನೋ ಅಳತೆ) ಸಾಣೆಕಲ್ಲು ಒಂದಿದ್ದರೆ ಮನೆಗೆ ಸಾಕು. ಕೋನ ಪ್ರತಿ ಬದಿಗೆ 15ರಿಂದ 20 ಡಿಗ್ರಿ. ಚಾಕು ಉಜ್ಜೋ ಸ್ಟೀಲ್ ರಾಡ್ ಬೇರೆ, ಸಾಣೆ ಬೇರೆ. ರಾಡ್ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತೆ ಅಷ್ಟೇ, ಪೂರ್ತಿ ಮೊಂಡಾದದ್ದಕ್ಕೆ ಅದರಿಂದ ಪ್ರಯೋಜನವಿಲ್ಲ. ಗಾಜಿನ ಹಲಗೆ, ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ ಇವುಗಳ ಮೇಲೆ ಹೆಚ್ಚೋರಿಗೆ ಕೈ ಮುಗಿಯುತ್ತೇನೆ. ನಾಲ್ಕು ದಿನಕ್ಕೆ ಚಾಕು ಸತ್ತುಹೋಗುತ್ತೆ. ಮರ ಅಥವಾ ಪ್ಲಾಸ್ಟಿಕ್ ಮಣೆ ಇಟ್ಟುಕೊಳ್ಳಿ, ಕೆಳಗೆ ಒಂದು ಒದ್ದೆ ಬಟ್ಟೆ ಹಾಸಿ, ಜಾರೋದಿಲ್ಲ. ಹೆಚ್ಚಿದ್ದನ್ನು ಅಲಗಿನ ಅಂಚಿನಿಂದ ಗೀಚಿ ಬಾಣಲೆಗೆ ತಳ್ಳಬೇಡಿ. ಚಾಕು ತಿರುಗಿಸಿ ಬೆನ್ನಿನಿಂದ ತಳ್ಳಿ.

ಕಣ್ಣುರಿ

ಕಣ್ಣೀರಿಗೆ ಯಾರಾದರೂ ಏನಾದರೂ ಹೇಳಿ ದಯವಿಟ್ಟು. ಬಾಯಲ್ಲಿ ಬ್ರೆಡ್ ಕಚ್ಚಿಕೊಂಡೆ, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿದೆ, ನೀರಿನ ಬೋಗುಣಿ ಇಟ್ಟೆ. ಪೂಜೆಗೆ ಕೂತ ಹಾಗಿತ್ತು, ಅಳು ಮಾತ್ರ ನಿಲ್ಲಲಿಲ್ಲ.

ಸಾಣೆಕಲ್ಲು

ಮತ್ತೆ ನನ್ನ ಹಳೇ ರಾಗವೇ: ಚಾಕು ಹರಿತ ಮಾಡಿ. ಸುಮ್ನೆ ಹೇಳುತ್ತಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಈರುಳ್ಳಿ ಕತ್ತರಿಸಿ ನೋಡಿದ್ದಾರೆ. ಮೊಂಡು ಅಲಗು ಪದರವನ್ನು ಒತ್ತಿ ಬಗ್ಗಿಸುತ್ತೆ, ಒಳಗೆ ಒತ್ತಡ ಏರುತ್ತೆ, ಸಿಪ್ಪೆ ಸೀಳಿದ ಕ್ಷಣ ರಸದ ಸಣ್ಣ ಹನಿಗಳು ಚಿಮ್ಮುತ್ತವೆ. ಹರಿತ ಅಲಗಿನಲ್ಲಿ ನಿಧಾನಕ್ಕೆ ಕೊಯ್ದರೆ ಹನಿ ಕಡಿಮೆ, ಅದರ ವೇಗವೂ ಕಡಿಮೆ. ಫ್ರಿಜ್ಜಿನಲ್ಲಿಟ್ಟ ಈರುಳ್ಳಿಯಿಂದ ಹನಿಗಳೇನೂ ಕಡಿಮೆ ಆಗಲಿಲ್ಲವಂತೆ.

ಪ್ರಯೋಗಶಾಲೆ

ಹನಿ ಜೊತೆ ಅನಿಲವೂ ಇದೆ. ಈರುಳ್ಳಿಯ ಜೀವಕೋಶದಲ್ಲಿ ಗಂಧಕದ ಸಂಯುಕ್ತ ಒಂದು ಕಡೆ, ಅದನ್ನು ಒಡೆಯೋ ಕಿಣ್ವ ಇನ್ನೊಂದು ಕಡೆ, ನಡುವೆ ಗೋಡೆ. ಚಾಕು ತಗುಲಿ ಗೋಡೆ ಒಡೆದರೆ ಎರಡೂ ಬೆರೆಯುತ್ತವೆ. ಆಗ ಹುಟ್ಟೋದನ್ನು ಇನ್ನೊಂದು ಕಿಣ್ವ ಕಣ್ಣುರಿಸೋ ಅನಿಲವಾಗಿ ಬದಲಿಸುತ್ತೆ. ಈ ಎರಡನೇ ಕಿಣ್ವ ಪತ್ತೆಯಾಗಿದ್ದು 2002ರಲ್ಲಿ, ಜಪಾನಿನಲ್ಲಿ. ಅದಕ್ಕೂ ಮೊದಲು ಅನಿಲ ತಾನಾಗೇ ಆಗುತ್ತೆ ಅಂದುಕೊಂಡಿದ್ದರು. ಕಂಡುಹಿಡಿದವರಿಗೆ 2013ರಲ್ಲಿ ಇಗ್‌ನೊಬೆಲ್ ಬಹುಮಾನ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡೋ ಸಂಶೋಧನೆಗೆ ಕೊಡೋದು ಅದು.

ಹಾಗಾಗಿ ಬ್ರೆಡ್ಡಿಗೂ ಕಣ್ಣಿಗೂ ಸಂಬಂಧವಿಲ್ಲ. ಒಂದು ಸಣ್ಣ ಫ್ಯಾನ್ ಪಕ್ಕದಿಂದ ಬೀಸೋ ಹಾಗೆ ಇಡಿ, ಅನಿಲ ಮುಖಕ್ಕೆ ಬರದೆ ಆಚೆ ಹೋಗಬೇಕು. ಹೆಚ್ಚಿದ್ದನ್ನು ಮುಖದ ಕೆಳಗೇ ಗುಡ್ಡೆ ಹಾಕಬೇಡಿ, ಆಗಾಗ ಪಾತ್ರೆಗೆ ಹಾಕಿ ಮುಚ್ಚಿ. ಬುಡದ ಹತ್ತಿರ ಖಾರ ಜಾಸ್ತಿ, ಬುಡ ಬಿಟ್ಟು ಹೆಚ್ಚೋದರಿಂದ ಅದಕ್ಕೂ ಸ್ವಲ್ಪ ಅನುಕೂಲ. ತೀರಾ ಆಗದಿದ್ದರೆ ಈಜುವಾಗ ಹಾಕೋ ಕನ್ನಡಕ. ನೋಡೋಕೆ ತಮಾಷೆ, ಆದರೆ ಕೆಲಸ ಮಾಡುತ್ತೆ.

ಅವಸರ

ಇಷ್ಟೆಲ್ಲಾ ಯಾಕ್ರೀ? ದಾರ ಎಳೆಯೋ ಚಾಪರ್ ಇದೆಯಲ್ಲ. ಐದು ಸಲ ಎಳೆದರೆ ಮುಗೀತು.

ಕಟಕಟ

ನನ್ನ ಹತ್ತಿರವೂ ಇದೆ, ಬೈಯೋದಿಲ್ಲ. ರುಬ್ಬೋ ಮಸಾಲೆಗಾದರೆ ಸಾಕು. ಆದರೆ ಅದರ ಅಲಗು ಒಂದೇ ಚೂರನ್ನು ಮತ್ತೆ ಮತ್ತೆ ಹೊಡೆಯುತ್ತೆ, ಇನ್ನೊಂದು ಚೂರು ಮೂಲೆಯಲ್ಲಿ ಆರಾಮಾಗಿ ಕೂತಿರುತ್ತೆ. ನೀರು ಬಿಡುತ್ತೆ. ಬಾಣಲೆಗೆ ಹಾಕಿದರೆ ಹುರಿಯೋ ಬದಲು ಮೊದಲು ಬೇಯುತ್ತೆ. ಹಸಿಯಾಗಿ ತಿನ್ನೋದಕ್ಕಂತೂ ಬೇಡವೇ ಬೇಡ, ಬಾಯಿಗಿಟ್ಟರೆ ಘಾಟು. ಜಾಸ್ತಿ ಜಜ್ಜಿದಷ್ಟೂ ಜಾಸ್ತಿ ಘಾಟು, ಪ್ರಯೋಗಶಾಲೆಯವರು ಈಗಷ್ಟೇ ಹೇಳಿದ್ದು ಅದೇ ತಾನೆ. ಹಸಿ ತಿನ್ನೋಕೆ ಹೆಚ್ಚಿದ ಮೇಲೆ ತಣ್ಣೀರಲ್ಲಿ ಒಮ್ಮೆ ಜಾಲಾಡಿ ಬಸಿದರೆ ಸೌಮ್ಯ ಆಗುತ್ತೆ.

ಅಂದ ಹಾಗೆ ಅಳತೆ ಯಾರೂ ಹೇಳಲಿಲ್ಲ. ಅಡುಗೆ ಶಾಲೆಗಳಲ್ಲಿ ಸಣ್ಣ ಡೈಸ್ (ಚೌಕ ಚೂರು) ಅಂದರೆ 6 ಮಿ.ಮೀ., ಮಧ್ಯಮ ಅಂದರೆ 12 ಮಿ.ಮೀ., ತೀರಾ ಸಣ್ಣದು 3 ಮಿ.ಮೀ. ಮನೆಗೆ 6 ಸಾಕು. ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಲ್ಲವೂ ಒಂದೇ ಅಳತೆ ಇರೋದು ಮುಖ್ಯ.

ಎಡಚ

ನಾನು ಎಡಗೈಯವನು. ಬುಡ ಬಲಕ್ಕೆ ಇಟ್ಟುಕೊಳ್ಳಬೇಕು, ಅಷ್ಟೇ ತಾನೆ? ಮತ್ತೆ ಚಾಕು ಹಿಡಿಯೋದು, ಇನ್ನೊಂದು ಕೈ ಎಲ್ಲಿಡೋದು, ಇದರ ಬಗ್ಗೆಯೂ ಹೇಳಿ. ನನಗೆ ಬೆರಳು ಕತ್ತರಿಸಿಕೊಳ್ಳೋ ಭಯವೇ ದೊಡ್ಡದು.

ಅಡುಗೆಕೈ

ಹೌದು, ಬುಡ ಬಲಕ್ಕೆ. ಚಾಕುವಿನ ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ. ಹಿಡಿ ಮುಗಿದು ಅಲಗು ಶುರುವಾಗೋ ಜಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿದ ಹಾಗೆ ಹಿಡಿಯಿರಿ. ಉಳಿದ ಮೂರು ಬೆರಳು ಹಿಡಿಗೆ. ಎರಡು ದಿನ ವಿಚಿತ್ರ ಅನಿಸುತ್ತೆ, ಮೂರನೇ ದಿನ ಹಳೇ ರೀತಿಯೇ ವಿಚಿತ್ರ ಅನಿಸುತ್ತೆ.

ಇನ್ನೊಂದು ಕೈ ಬೆಕ್ಕಿನ ಪಂಜದ ಹಾಗೆ ಇರಲಿ. ಬೆರಳ ತುದಿ ಒಳಕ್ಕೆ ಮಡಚಿ, ಉಗುರು ಈರುಳ್ಳಿಯ ಮೇಲೆ ಊರಿ. ಹೆಬ್ಬೆರಳು ಉಳಿದ ಬೆರಳುಗಳ ಹಿಂದೆ ಅಡಗಿರಬೇಕು. ಮುಂದೆ ಇರೋದು ಗೆಣ್ಣು ಮಾತ್ರ. ಅಲಗಿನ ಬದಿ ಆ ಗೆಣ್ಣಿಗೆ ಒರಗಿಕೊಂಡೇ ಮೇಲೆ ಕೆಳಗೆ ಆಡುತ್ತೆ. ಅಲಗನ್ನು ಗೆಣ್ಣಿಗಿಂತ ಮೇಲೆ ಎತ್ತದಿದ್ದರೆ ಬೆರಳಿಗೆ ತಗುಲೋ ದಾರಿಯೇ ಇಲ್ಲ. ಚೂರಿನ ದಪ್ಪ ತೀರ್ಮಾನ ಮಾಡೋದೂ ಚಾಕು ಅಲ್ಲ, ಗೆಣ್ಣು ಎಷ್ಟು ಹಿಂದೆ ಸರಿಯಿತು ಅನ್ನೋದು.

ಬುಡದ ಹತ್ತಿರ ಬಂದಾಗ ಹೋಳು ಗಿಡ್ಡವಾಗಿ ಅಲ್ಲಾಡೋಕೆ ಶುರು ಮಾಡುತ್ತೆ. ಅಲ್ಲಿಗೆ ನಿಲ್ಲಿಸಿ. ಉಳಿದದ್ದನ್ನು ಕೊಯ್ದ ಮುಖ ಕೆಳಗೆ ಬರೋ ಹಾಗೆ ಮಲಗಿಸಿ, ಬುಡದ ಸುತ್ತ ಇರೋದನ್ನಷ್ಟೇ ಹೆಚ್ಚಿಕೊಳ್ಳಿ. ಕೊನೆಯ ಚೂರಿಗಾಗಿ ಬೆರಳು ಪಣಕ್ಕಿಡಬೇಡಿ.

ಹೊಸಬಾಣಲೆ

ಹನ್ನೆರಡು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನ ಬುಡ ಬಿಟ್ಟೆ, ಆದರೆ ಉದ್ದಕ್ಕೆ ಸೀಳುವಾಗ ಕೈ ತಡೆಯದೆ ಎರಡು ಕಡೆ ಬುಡದವರೆಗೂ ಹೋಗಿಬಿಟ್ಟಿತು. ಆದರೂ ಹಿಂದಿನ ಹಾಗೆ ಚೆಲ್ಲಲಿಲ್ಲ. ಮೂರನೇ ದಿನ ಸಾಣೆಕಲ್ಲು ಅವರ ಪರೀಕ್ಷೆ ಮಾಡಿದೆ. ಚಾಕು ಈರುಳ್ಳಿಯ ಬೆನ್ನ ಮೇಲೆ ಸ್ಕೇಟಿಂಗ್ ಮಾಡಿತು. ಸಾಣೆ ಹಿಡಿಸಿಕೊಂಡು ಬಂದೆ. ಆ ರಾತ್ರಿ ಮೊದಲ ಸಲ ಆ "ಸರ್" ಕೇಳಿಸಿತು. ಹೋಳು ಅಲ್ಲಾಡಲೇ ಇಲ್ಲ. ಅಡ್ಡಕ್ಕೆ ಹೆಚ್ಚುವಾಗ ಚೂರುಗಳು ಸಾಲಾಗಿ ಒರಗಿ ಬಿದ್ದವು. ನೋಡುತ್ತಾ ನಿಂತುಬಿಟ್ಟೆ, ಎಣ್ಣೆ ಕಾದು ಹೊಗೆ ಬಂತು.

ನಿನ್ನೆ ಎರಡು ನಿಮಿಷ ಹತ್ತು ಸೆಕೆಂಡ್. ಕಣ್ಣುರಿ ಪೂರ್ತಿ ಹೋಗಿಲ್ಲ, ಆದರೆ ಕಣ್ಣು ತೆರೆದುಕೊಂಡೇ ಮುಗಿಸಿದೆ.

ಒಂದು ತೊಂದರೆ. ಇವತ್ತು ಸಿಕ್ಕಿದ ಈರುಳ್ಳಿಯನ್ನು ಹೋಳು ಮಾಡಿದರೆ ಒಳಗೆ ಎರಡು ಗಡ್ಡೆ ಅಂಟಿಕೊಂಡಿತ್ತು. ಬುಡ ಇದ್ದರೂ ಒಂದು ಗಡ್ಡೆ ಜಾರಿ ಆಚೆ ಬಂತು. ಇದಕ್ಕೇನು ಮಾಡೋದು?

ಅಡುಗೆಕೈ

ಅದು ಜೋಡಿ ಗಡ್ಡೆ. ಹೊರಗಿಂದ ನೋಡಿದರೆ ಒಂದು ಕಡೆ ಅಗಲ, ಒಂದು ಕಡೆ ಚಪ್ಪಟೆ ಇರುತ್ತೆ, ಕೆಲವೊಮ್ಮೆ ನಡುವೆ ಸಣ್ಣ ತಗ್ಗು. ಎರಡು ಗಡ್ಡೆಯ ನಡುವೆ ಚಾಕು ಹೋಗೋ ಹಾಗೆ ಹೋಳು ಮಾಡಿ, ಒಂದೊಂದಕ್ಕೂ ಅದರದೇ ಬುಡ ಉಳಿಯುತ್ತೆ. ಹೊರಗಿನ ಸಡಿಲ ಪದರ ಬಿಚ್ಚಿ ಪಕ್ಕಕ್ಕಿಡಿ. ಒಳಗಿನ ಗಡ್ಡೆಗಳನ್ನು ಬೇರೆ ಬೇರೆ ಈರುಳ್ಳಿ ಅಂತಲೇ ತಿಳಿದು ಹೆಚ್ಚಿ. ಬಿಚ್ಚಿಟ್ಟ ಪದರವನ್ನು ಚಪ್ಪಟೆಯಾಗಿ ಒತ್ತಿ ಕೊನೆಗೆ ಕಡ್ಡಿ ಮಾಡಿ ಚೂರು ಮಾಡಿ.

ಸುಮ್ನೆ_ಓದುಗ

ನನ್ನದು ಒಂಬತ್ತರಿಂದ ನಾಲ್ಕಕ್ಕೆ ಇಳಿದಿದೆ. ಚಾಕು ಇನ್ನೂ ಸ್ಕೇಲೇ. ಈ ಭಾನುವಾರ ಸಾಣೆಗೆ ಕೊಡುತ್ತೇನೆ.